ಕೊಕ್ಕೆಯಲ್ಲಿದ್ದ ಹೆಲ್ಮೆಟ್

"ನಮ್ಮನೆಯವರದ್ದು ಒಂದು ಫೋಟೊ ಬೇಕಿತ್ತಮ್ಮ," ಎಂದರು ಕ್ಯಾರೊಲಿನ್, ಟ್ರಾಫಿಕ್ ಕ್ಯಾಮೆರಾ ಕೊಠಡಿಯ ಬಾಗಿಲಲ್ಲೇ ನಿಂತು. ಕಾನ್‌ಸ್ಟೇಬಲ್ ಸುಷ್ಮಿತಾ ಕುರ್ಚಿಯಿಂದ ಎದ್ದಳು. ಹೆಡ್ ಕಾನ್‌ಸ್ಟೇಬಲ್ ಮಾರ್ಟಿನ್ ಮಂಡಕಳ್ಳಿಯ ಹತ್ತಿರ ನಾಯಿ ಅಡ್ಡ ಬಂದು, ಸ್ಕೂಟರಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡಿದ್ದರು. ಬರುವ ಭಾನುವಾರಕ್ಕೆ ಒಂದು ತಿಂಗಳು. ಬಾಗಿಲಲ್ಲಿ ನಿಂತಿದ್ದವರು ಅವರ ಹೆಂಡತಿ.

"ಚರ್ಚಲ್ಲಿ ತಿಂಗಳ ಪೂಜೆ ಇದೆ. ಕಾರ್ಡಿಗೆ ಹಾಕ್ಸೋಣ ಅಂದ್ರೆ ಮನೇಲಿರೋದೆಲ್ಲ ಮದುವೆ ಕಾಲದ್ದು. 'ಸರಸ್ವತಿಪುರಂ ಸಿಗ್ನಲ್ ಕ್ಯಾಮೆರಾ ದಿನಾ ನನ್ ಫೋಟೊ ತೆಗೀತದೆ ಕಣೇ, ಹೀರೋ ಆಗ್ಬುಟ್ಟೆ' ಅಂತ ನಗಾಡೋರು. ಅದರಲ್ಲೊಂದು ಕೊಡ್ತೀರಾ?"

ಆ ಕ್ಯಾಮೆರಾ ಸುಮ್ಮಸುಮ್ಮನೆ ಯಾರ ಫೋಟೊವನ್ನೂ ತೆಗೆಯುವುದಿಲ್ಲ. ಹೆಲ್ಮೆಟ್ ಇಲ್ಲದವರದ್ದನ್ನಷ್ಟೇ ತೆಗೆದು ಇಲ್ಲಿಗೆ ಕಳಿಸುತ್ತದೆ. ಸುಷ್ಮಿತಾ ನೋಡಿ 'ಸರಿ' ಎಂದು ಒತ್ತಿದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಮೊಬೈಲಿಗೆ ದಂಡದ ನೋಟಿಸು. ಖಾಕಿ ಪ್ಯಾಂಟು ಕಂಡರೆ ಮಾತ್ರ 'ಚಿತ್ರ ಸ್ಪಷ್ಟವಿಲ್ಲ' ಎಂದು ಒತ್ತಬೇಕು. ಇದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ವರ್ಷದ ಹಿಂದೆ ಅವಳು ಇಲ್ಲಿಗೆ ಬಂದ ಮೊದಲ ದಿನವೇ ಪಕ್ಕದ ಕುರ್ಚಿಯ ಲಿಂಗಯ್ಯನವರು, "ನಮ್ ಮುಖಕ್ಕೆ ನಾವೇ ಮಸಿ ಬಳ್ಕೊಳ್ಳೋದಾ? ನೋಡ್ಕೊಂಡು ಒತ್ತಮ್ಮ," ಎಂದು ಹೇಳಿಕೊಟ್ಟಿದ್ದರು. ಹಾಲಿನವರು, ಮೇಷ್ಟರು, ಟ್ಯುಟೋರಿಯಲ್ ಹುಡುಗಿಯರು, ಯಾರನ್ನೂ ಬಿಡದ ಅವಳ ಕಣ್ಣಿಗೆ ಖಾಕಿ ಕಂಡೊಡನೆ ಮಂಜು ಕವಿಯುತ್ತಿತ್ತು.

ಫೋಟೊ ಇಲ್ಲ ಎನ್ನಬಹುದಿತ್ತು. ಲಿಂಗಯ್ಯನವರು ಕಣ್ಸನ್ನೆಯಲ್ಲಿ ಹೇಳುತ್ತಿದ್ದದ್ದೂ ಅದನ್ನೇ. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಗಾಡಿಯ ನಂಬರು ಒತ್ತಿದಳು. ನಲವತ್ತೊಂದು ಚಿತ್ರಗಳು ಪರದೆ ತುಂಬ ಸಾಲಾಗಿ ಬಂದವು. ಎಲ್ಲದರಲ್ಲೂ ಬರಿದಲೆಯ ಮಾರ್ಟಿನ್. ಕೆಲವುಗಳಲ್ಲಿ ಕ್ಯಾಮೆರಾದ ಕಡೆ ನೋಡಿ ನಕ್ಕಿದ್ದರು. ಪ್ರತಿಯೊಂದರ ಕೆಳಗೂ 'ಚಿತ್ರ ಸ್ಪಷ್ಟವಿಲ್ಲ'. ಹೆಚ್ಚಿನವುಗಳ ಪಕ್ಕದಲ್ಲಿ ಸುಷ್ಮಿತಾಳದೇ ಹೆಸರು.

ಕ್ಯಾರೊಲಿನ್ ಕನ್ನಡಕ ಏರಿಸಿಕೊಂಡು ಬಾಗಿದರು. ಗಂಡನ ಮುಖದ ಮೇಲೆ ಅವರ ಕಣ್ಣು ನಿಲ್ಲಲಿಲ್ಲ. ಸ್ಕೂಟರಿನ ಮುಂದಿನ ಕೊಕ್ಕೆಯ ಮೇಲೆ ಬೆರಳಿಟ್ಟರು. ಅಲ್ಲಿ ಕೆಂಪು ಪಟ್ಟಿಯ ಹೆಲ್ಮೆಟ್ ನೇತಾಡುತ್ತಿತ್ತು.

"ಇದನ್ನ ದಿನಾ ಗೇಟಲ್ಲಿ ನಾನೇ ಹಾಕಿ, ಪಟ್ಟಿ ಬಿಗಿದು ಕಳಿಸ್ತಿದ್ದೆ," ಎಂದರು. "ಬಿದ್ದಾಗ ಹೆಲ್ಮೆಟ್ ಕಳಚ್ಕೊಂತು ಅಂತ ನಿಮ್ಮೋರು ಹೇಳಿದ್ರು."

ಲಿಂಗಯ್ಯ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ನೋಟಿಸು ಯಾಕಮ್ಮ ಕಳಿಸ್ಲಿಲ್ಲ?"

"ಇಲಾಖೆಯೋರು ಅಂತ... ಆಂಟಿ..."

"ಗಾಡಿ ನನ್ ಹೆಸರಲ್ಲಿತ್ತು ಕಣಮ್ಮ. ನನ್ ಫೋನಿಗೇ ಬರೋದು. ಒಂದೇ ಒಂದು ಬಂದಿದ್ರೆ ಸಾಕಿತ್ತು. ಅವರು ನಿಮ್ಮ ಇಲಾಖೆಗೆ ಹೆದರ್ತಿರ್ಲಿಲ್ಲ, ನನಗೆ ಹೆದರೋರು."

ಅವರು ಕೂಗಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೇ ಚೆನ್ನಾಗಿತ್ತು ಎನ್ನಿಸಿತು ಸುಷ್ಮಿತಾಳಿಗೆ. ನಗುವಿನ ಚಿತ್ರವೊಂದನ್ನು ಆರಿಸಿ, ಮುಖವಷ್ಟೇ ಬರುವಂತೆ ಮಾಡಿ ಪ್ರಿಂಟು ತೆಗೆದುಕೊಟ್ಟಳು. "ನನ್ನಿಂದ ತಪ್ಪಾಯ್ತು ಆಂಟಿ," ಎಂದಳು. ಕ್ಯಾರೊಲಿನ್ ಸುಮ್ಮನೆ ತಲೆಯಾಡಿಸಿದರು. ಅದು ಕ್ಷಮಿಸಿದ್ದೋ, ಹೌದು ನಿನ್ನದೇ ತಪ್ಪು ಎಂದದ್ದೋ ಅವಳಿಗೆ ತಿಳಿಯಲಿಲ್ಲ. ಫೋಟೊವನ್ನು ಸೆರಗಿನೊಳಗೆ ಮುಚ್ಚಿಕೊಂಡು ಅವರು ಮೆಟ್ಟಿಲಿಳಿದರು.

"ಮನಸ್ಸಿಗೆ ಹಚ್ಕೋಬ್ಯಾಡ. ಹಣೇಲಿ ಬರೆದಿತ್ತು, ಆಯ್ತು. ನೀನೇನ್ ಮಾಡ್ತೀಯ?" ಎಂದರು ಲಿಂಗಯ್ಯ.

ಸುಷ್ಮಿತಾ ಬಾಕಿ ಚಿತ್ರಗಳನ್ನು ತೆರೆದಳು. ಮೂರೋ ನಾಲ್ಕೋ ಆದ ಮೇಲೆ ಅಗ್ರಹಾರದ ಸರ್ಕಲ್ಲಿನಲ್ಲಿ ಒಂದು ಸ್ಕೂಟರು. ಖಾಕಿ ಪ್ಯಾಂಟು, ಬರಿದಲೆ. ಅವಳು ಸ್ವಲ್ಪ ಹೊತ್ತು ನೋಡಿ 'ಸರಿ' ಎಂದು ಒತ್ತಿದಳು.

"ಏಯ್, ನಮ್ಮೋನು ಕಣಮ್ಮ! ಸರಿಯಾಗಿ ನೋಡ್ಬಾರ್ದಾ?"

"ನೋಡ್ದೆ ಸಾರ್. ಹೆಲ್ಮೆಟ್ ಕೊಕ್ಕೇಲಿದೆ. ಮನೇಲಿ ಯಾರೋ ಹಾಕಿ ಕಳ್ಸಿದಾರೆ."