ಟೇಬಲ್ ಅಲ್ಲಾಡಿಸಿದವರು

ಲೇಸರ್ ಬೆಳಕು ಬಿದ್ದ ತೆಳು ತಗಡಿನ ಕಂಪನವು ಪ್ರಯೋಗಾಲಯದ ಪರದೆಯ ಮೇಲೆ ಉಂಗುರ ಉಂಗುರವಾಗಿ ಮೂಡಬೇಕಿತ್ತು. ಚಿತ್ರ ಮತ್ತೆ ಮತ್ತೆ ಕಲಸಿಹೋಗುತ್ತಿತ್ತು.

"ಟೇಬಲ್ ಅಲ್ಲಾಡಿಸ್ಬೇಡ ಅಂತ ಎಷ್ಟು ಸಲ ಹೇಳೋದು?" ಪ್ರೊಫೆಸರ್ ವತ್ಸಲಾ ಸಿಡುಕಿದರು.

"ಸಾರಿ ಮೇಡಂ, ನನ್ನ ಕಾಲು ತಾಗ್ತು," ಎಂದಳು ಸಂಶೋಧನಾ ವಿದ್ಯಾರ್ಥಿನಿ ಫರ್ಹಾನಾ.

"ಈ ಕೆಲಸ ನಿನ್ನಂಥವರಿಗಲ್ಲ. ಹೊರಗೆ ಹೋಗು!"

ಅವಳು ಕಣ್ಣೊರೆಸಿಕೊಳ್ಳುತ್ತ ಹೋದಳು. ವತ್ಸಲಾ ಟೇಬಲ್ಲಿಗೆ ಕೈಯೂರಿ, ಒಬ್ಬರೇ ಮತ್ತೆ ಅಳೆದರು. ಚಿತ್ರ ಆಗಲೂ ಕಲಸಿತು. ತಪ್ಪು ಮಾಡದ ಹುಡುಗಿಯನ್ನು ಅಳಿಸಿಬಿಟ್ಟೆನಲ್ಲ ಎಂದುಕೊಳ್ಳುತ್ತ ಅವರು ಕಾರಿಡಾರಿಗೆ ಧಾವಿಸಿದರು.

"ತಪ್ಪಾಯ್ತಮ್ಮ, ಅಲ್ಲಾಡಿಸಿದ್ದು ನೀನಲ್ಲ. ಸುಮ್ಮನೆ ಯಾಕೆ ಒಪ್ಕೊಂಡೆ?"

ಫರ್ಹಾನಾ ಅವರ ಬಲಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಟೇಬಲ್ ಮೇಲೆ ಊರಿದ್ದ ಈ ಕೈ ನಡುಗ್ತಿತ್ತು ಮೇಡಂ. ಸುಮಾರು ದಿನದಿಂದ ನೋಡ್ತಿದ್ದೀನಿ, ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ."