ಬಾಟಲಿ ಡಾಕ್ಟರು, ಹನಿ ಡಾಕ್ಟರು

ಔಷಧದ ಪಂಪಿನ ಮೇಲೆ ದೊಡ್ಡ ಡಾಕ್ಟರ ಬೆರಳಿತ್ತು.

ಸಿಸ್ಟರ್ ಆಪರೇಷನ್ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಬೇರೆ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಳಿಗ್ಗೆ ಏಳೂಕಾಲು. ಎಂಟಕ್ಕೆ ಲಿವರ್ ಆಪರೇಷನ್, ಅರಿವಳಿಕೆ ಕೊಡುವವಳು ಚಿಕ್ಕ ಡಾಕ್ಟರ್. ದೊಡ್ಡವರ ಹೆಸರಿನ ಮುಂದೆ ಪಾಳಿಯ ಹಲಗೆಯಲ್ಲಿ ರಜೆ ಎಂದು ಬರೆದಿತ್ತು. ರಜೆಯಲ್ಲಿರುವವರಿಗೆ ಪಂಪಿನ ಹತ್ತಿರ ಏನು ಕೆಲಸ?

ಸಿಸ್ಟರ್ ಕೂಡ ರಜೆ ಮುಗಿಸಿ ಅವತ್ತೇ ಬಂದಿದ್ದರು. ಅಕ್ಕನ ಮಗಳ ಮದುವೆಗೆಂದು ಎಂಟು ದಿನ ಹೋಗಿದ್ದರು. ಎಂಟು ದಿನದಲ್ಲಿ ದೊಡ್ಡವರು ಮತ್ತಷ್ಟು ಇಳಿದುಹೋಗಿದ್ದರು. ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ಹೊಟ್ಟೆಕಿಚ್ಚು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದದ್ದು ಸುಳ್ಳಲ್ಲ ಅನ್ನಿಸಿತು.

ಇಪ್ಪತ್ತಾರು ವರ್ಷ ಸರ್ಜನ್ ಕತ್ತಿ ಹಿಡಿಯುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು. “ಅಣ್ಣ ಬಂದ್ರಾ?” ಅಣ್ಣ ಎಂದರೆ ಅರಿವಳಿಕೆ ಕೊಡುತ್ತಿದ್ದ ದೊಡ್ಡವರು. ಈಗ ಎರಡು ವರ್ಷದಿಂದ ಕೇಳುವುದು, “ಆ ಹುಡುಗಿ ಬಂದ್ಲಾ?” ಹುಡುಗಿಯನ್ನು ತಂದು, ಕೈಹಿಡಿದು ಕಲಿಸಿದವರು ದೊಡ್ಡವರೇ. ಸಾಕಿದ ಗಿಣಿಯೇ ಹದ್ದಾಗಿ ಕುಕ್ಕಿದರೆ ಯಾರಿಗೆ ಉರಿಯುವುದಿಲ್ಲ?

ಜಗಳವೆಲ್ಲ ರಕ್ತದ್ದು. ಲಿವರ್ ಕೊಯ್ಯುವಾಗ ಬಿಪಿ ಬಿದ್ದರೆ ದೊಡ್ಡವರು ಸಲೈನ್ ಬಾಟಲಿ ಬಿಡುತ್ತಿದ್ದರು, ಅದರ ಹಿಂದೆ ರಕ್ತದ ಚೀಲ. ಒಂದು ದಿನವೂ ಹಿಂದುಮುಂದು ನೋಡಿದವರಲ್ಲ. ಚಿಕ್ಕವಳು ಬಾಟಲಿ ಮುಟ್ಟುತ್ತಿರಲಿಲ್ಲ. ರಕ್ತನಾಳ ಬಿಗಿಯುವ ಔಷಧವನ್ನು ಪಂಪಿನಲ್ಲಿಟ್ಟು, ಹನಿ ಲೆಕ್ಕದಲ್ಲಿ ಬಿಟ್ಟು, ಬಿಪಿ ಹಿಡಿದು ನಿಲ್ಲಿಸುತ್ತಿದ್ದಳು. ಅವಳ ಮೇಜಿನ ಕೆಳಗೆ ನೆಲ ಒಣಗಿರುತ್ತಿತ್ತು. ನೆಲ ಒರೆಸುವ ಆಯಾ ಇಬ್ಬರಿಗೂ ಹೆಸರಿಟ್ಟಳು: ಬಾಟಲಿ ಡಾಕ್ಟರು, ಹನಿ ಡಾಕ್ಟರು. ಹೆಸರು ದೊಡ್ಡವರ ಕಿವಿಗೂ ಬಿತ್ತು.

ಆಮೇಲೆ ಅವರು ಅವಳ ಮೇಲೆ ಮೂರು ದೂರು ಬರೆದರು. ಹೋದ ತಿಂಗಳು ಅವಳ ಆಪರೇಷನ್ ದಿನವೇ ಪಂಪನ್ನು ರಿಪೇರಿಗೆ ಕಳಿಸಿದರು. ಪಂಪಿಗೆ ಏನೂ ಆಗಿರಲಿಲ್ಲ.

ಅದೇ ಪಂಪಿನ ಮೇಲೆ ಈಗ ಅವರ ಬೆರಳು.

“ಸಾರ್, ಸ್ವಲ್ಪ ಈ ಕಡೆ ಬನ್ನಿ,” ಎಂದರು ಸಿಸ್ಟರ್.

ದೊಡ್ಡವರು ತಿರುಗಿದರು. ತಲೆಗೆ ಟೋಪಿ, ಮೊಣಕಾಲು ಮುಚ್ಚುವ ಹಸಿರು ಕೋಟು. ಎಡಗೈ ಜೇಬಿನಲ್ಲೇ ಇತ್ತು.

“ಏನಮ್ಮ, ಕಳ್ಳನ್ನ ಕಂಡ ಹಾಗೆ ನೋಡ್ತೀಯಲ್ಲ?”

“ಕಾಫಿ ತರಿಸ್ತೀನಿ, ಹೊರಗೆ ಕೂತ್ಕೊಂಡು ಕುಡೀರಿ.”

“ಇವತ್ತು ಕಾಫಿ ಇಲ್ಲ. ಮದುವೆ ಊಟ ಚೆನ್ನಾಗಿತ್ತಾ?”

ಮಾತು ಮರೆಸುತ್ತಿದ್ದಾರೆ. ಸಿಸ್ಟರ್ ಪಂಪಿನ ಹತ್ತಿರ ಹೋಗಿ ಅಂಕಿ ನೋಡಿದರು, ಸಿರಿಂಜಿನ ಚೀಟಿ ನೋಡಿದರು. ಎಲ್ಲ ಸರಿಯಾಗಿಯೇ ಇತ್ತು. ಅದರಿಂದಲೇ ಅವರಿಗೆ ಇನ್ನೂ ಭಯವಾಯಿತು. ಹೊರಗಿನಿಂದ ಕಾಣದ ಹಾಗೆ ಕೆಡಿಸಲು ಗೊತ್ತಿದ್ದವರು ಆ ಆಸ್ಪತ್ರೆಯಲ್ಲಿ ಇವರೊಬ್ಬರೇ. ಒಂದು ಸೊನ್ನೆ ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಹಲಗೆಯ ಮೇಲೆ ರೋಗಿಯ ಹೆಸರು ಬರೆಯುವ ಪದ್ಧತಿ ಅಲ್ಲಿರಲಿಲ್ಲ. ಗಂಡಸು, ಅರವತ್ತೊಂದು, ಲಿವರಿನ ಬಲಭಾಗ, ಅಷ್ಟೇ. ಯಾರ ಮನೆಯ ಯಜಮಾನನೋ. ಇವರ ಮತ್ಸರಕ್ಕೆ ಅವನು ಬಲಿಯಾಗಬೇಕೆ?

ಚಿಕ್ಕ ಡಾಕ್ಟರ್ ಬಂದಳು. ದೊಡ್ಡವರನ್ನು ಕಂಡು ಬೆಚ್ಚಲಿಲ್ಲ.

“ಸಾರ್, ನಿಮ್ಮ ಕೈ ಇವತ್ತು ಪಂಪಿನ ಮೇಲೆ ಇರಬಾರ್ದು.”

“ನೋಡ್ತಿದ್ದೆ ಅಷ್ಟೆ. ನೋಡೋಕೂ ನಿನ್ನ ಅಪ್ಪಣೆ ಬೇಕಾ? ಕೊಯ್ಯೋ ಹೊತ್ತಲ್ಲಿ ಬಿಪಿ ಬಿತ್ತು ಅಂತಿಟ್ಕೋ. ಬಾಟಲಿ ಬಿಡ್ತೀಯಾ?”

“ಬಿಡಲ್ಲ. ನೀರು ಬಿಟ್ರೆ ಲಿವರ್ ನೆಂದ ಸ್ಪಂಜಿನ ಹಾಗೆ ಉಬ್ಬುತ್ತೆ. ಕೊಯ್ದ ಕಡೆಯೆಲ್ಲ ಒಸರುತ್ತೆ. ಔಷಧ ಒಂದು ಗೆರೆ ಏರಿಸ್ತೀನಿ.”

“ಬಾವಿ ಒಣಗಿಸಿ ಸೋರಿಕೆ ನಿಲ್ಲಿಸೋ ವಿದ್ಯೆ. ಕಿಡ್ನಿ ಏನು ಕುಡಿಯುತ್ತೆ?”

“ಕೊಯ್ದು ಮುಗಿದ ಮೇಲೆ ನಾನೇ ನೀರು ಕೊಡ್ತೀನಿ. ಕಿಡ್ನಿ ಅಷ್ಟು ಹೊತ್ತು ಕಾಯುತ್ತೆ ಸಾರ್. ನೀವು ಕಾಯಲ್ಲ, ಅಷ್ಟೆ.”

ದೊಡ್ಡವರ ಮುಖ ಕೆಂಪೇರಿತು, ಇಳಿಯಿತು. ಅವಳು ಒಂದು ಕಾಗದವನ್ನೂ ನೋಡದೆ ಸಿರಿಂಜು, ನಳಿಕೆ, ಅದರ ತಿರುಪು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಅವರ ಕಣ್ಣು ಅವಳ ಬೆರಳುಗಳನ್ನು ಬಿಡಲಿಲ್ಲ. ಹಿಂದೊಮ್ಮೆ ತಮಗಿದ್ದ ಬೆರಳುಗಳನ್ನು ಬೇರೆಯವರ ಕೈಯಲ್ಲಿ ಕಂಡವರ ಹಾಗೆ ನೋಡುತ್ತಿದ್ದರು.

“ನನಗೆ ನಿನ್ನ ಕಂಡ್ರೆ ಆಗಲ್ಲ,” ಎಂದರು.

“ಗೊತ್ತು ಸಾರ್.”

ಕೈ ತೊಳೆದು ಸರ್ಜನ್ ಒಳಗೆ ಬಂದರು. ಇಬ್ಬರನ್ನೂ ನೋಡಿ ನಿಂತರು.

“ಅಣ್ಣ, ಇನ್ನೂ ಕಾಲ ಮಿಂಚಿಲ್ಲ. ಇವಳು ಬೇಡ ಅಂದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ. ಇವತ್ತು ನಿಮ್ಮ ಮಾತೇ ಕೊನೆ.”

ಸಿಸ್ಟರಿಗೆ ಮೈ ಉರಿಯಿತು. ಯಾವುದೋ ರೋಗಿಯ ಜೀವದ ಮೇಲೆ ರಜೆಯಲ್ಲಿರುವ ಹೊಟ್ಟೆಕಿಚ್ಚಿನ ಮುದುಕನ ಮಾತು ಕೊನೆಯೇ?

ದೊಡ್ಡವರು ಪಂಪಿನತ್ತ ಒಮ್ಮೆ, ಅವಳತ್ತ ಒಮ್ಮೆ ನೋಡಿದರು.

“ಅವಳೇ ಇರ್ಲಿ.”

“ಹಾಗಾದ್ರೆ ಪೇಷಂಟನ್ನ ಕರೆಸ್ತೀನಿ,” ಎಂದು ಸಿಸ್ಟರ್ ಫೋನಿನತ್ತ ತಿರುಗಿದರು.

“ಯಾಕಮ್ಮ ಅಷ್ಟು ದೂರ,” ಎಂದು ದೊಡ್ಡವರು ಸೂಜಿ ಚುಚ್ಚಿದ್ದ ಎಡಗೈಯನ್ನು ಜೇಬಿನಿಂದ ತೆಗೆದು, ಹಸಿರು ಕೋಟು ಕಳಚಿ ಅವರ ಕೈಗಿಟ್ಟು, ಮೇಜು ಹತ್ತಿ ಅಂಗಾತ ಮಲಗಿದರು.