ಡಬ್ಬಿ ಕಲಿತ ಮಾತು

ಎದುರುಮನೆಗೆ ಹೊಸದಾಗಿ ಬಂದ ಸಾವಕ್ಕ ಹೋಳಿಗೆ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಾಗಲೇ ವನಮಾಲಾಳಿಗೆ ಅನುಮಾನದ ಹುಳ ಕೊರೆಯತೊಡಗಿತು. ಒಂದೇ ಒಂದು ಕಡಲೆಬೀಜ ಹೊಟ್ಟೆಗೆ ಹೋದರೂ ಮಗಳು ಇಂಚರಳ ಗಂಟಲು ಕಟ್ಟಿ ಉಸಿರು ನಿಲ್ಲುತ್ತದೆ. ಮೊದಲ ದಿನವೇ ಅದನ್ನು ಸಾವಕ್ಕನಿಗೆ ಹೇಳಿಯೂ ಆಗಿತ್ತು. ಆದರೂ ಈ ಹೆಂಗಸು ನಗುವುದು ಸ್ವಲ್ಪ ಜಾಸ್ತಿಯೇ.

ವನಮಾಲಾ ಎಲ್ಲರಂತೆ ಡಬ್ಬಿಯನ್ನೇ ಕೇಳಿದಳು. "ಕಡಲೆಬೀಜ ಹಾಕಿದ್ದಾರಾ?"

"ಇಲ್ರೀ," ಎಂದಿತು ಡಬ್ಬಿ.

"ಒಂದು ಚೂರೂ?"

"ನಮ್ಮಕ್ಕನಾಣಿ, ಇಲ್ರೀ."

ಡಬ್ಬಿಗಳು ಸುಳ್ಳು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಸಾವಕ್ಕ ಒಂದು ಹೋಳಿಗೆ ತೆಗೆದು ಮಗುವಿನ ಕೈಗಿಟ್ಟಳು. ಇಂಚರ ತುಂಡು ಮುರಿದಳು. ಆದರೆ ಆ 'ರೀ' ವನಮಾಲಾಳ ಕಿವಿಯಲ್ಲೇ ಉಳಿದಿತ್ತು. ಡಬ್ಬಿಗಳು ಮಾತು ಕಲಿಯುವುದು ಅಡುಗೆ ಮಾಡುವವರ ಬಾಯಿಂದ. ಇದು ಕಲಿತದ್ದು ವಿಜಯಪುರದ ಕಡೆಯ ಬಾಯಿಂದ. ಆ ಕಡೆಯವರು ಕಡಲೆಬೀಜಕ್ಕೆ ಏನನ್ನುತ್ತಾರೆ?

"ಶೇಂಗಾ?" ಎಂದು ಕೂಗಿಯೇಬಿಟ್ಟಳು.

"ಹೂಂನ್ರೀ! ಒಳಗ ಬರೇ ಶೇಂಗಾನ ಐತಿ," ಎಂದಿತು ಡಬ್ಬಿ, ಹೆಮ್ಮೆಯಿಂದ.

ತುಟಿಗೆ ತಾಗುವ ಮೊದಲೇ ವನಮಾಲಾ ತುಂಡನ್ನು ಕಿತ್ತೆಸೆದಳು. ಮಗುವಿನ ಕೈಯನ್ನು ನಲ್ಲಿಯಡಿ ಹಿಡಿದು ಉಜ್ಜುತ್ತಲೇ ಅರಚಿದಳು. "ಕೊಲ್ಲೋಕೆ ಬಂದ್ರಾ? ಹೇಳಿರಲಿಲ್ವಾ ನಾನು?"

ಸಾವಕ್ಕನ ಮುಖ ಬಿಳಿಚಿಕೊಂಡಿತು.

"ಹೇಳಿದ್ರಲ್ರೀ ಅಕ್ಕಾರ, ಕೂಸಿಗೆ ಕಡ್ಲಿ ಆಗಂಗಿಲ್ಲ ಅಂತ. ಅದಕ್ಕ ಕಡ್ಲಿಬ್ಯಾಳಿ ಕೈಲೆ ಸುದ್ದಾ ಮುಟ್ಟಲಿಲ್ಲ. ಕೂಸಿನ ಸಲುವಾಗಿನ ಶೇಂಗಾ ಹುರದು ಹೋಳಿಗಿ ಮಾಡೀನ್ರೀ."